ಲಾಂಡೌ ಪೇಪರ್ ಓದುತ್ತಿರಲಿಲ್ಲ

ಮಾಸ್ಕೋದ ಭೌತಿಕ ಸಮಸ್ಯೆಗಳ ಸಂಸ್ಥೆಯಲ್ಲಿ ಪ್ರತಿ ಗುರುವಾರ ಬೆಳಿಗ್ಗೆ 11 ಗಂಟೆಗೆ ಸೆಮಿನಾರ್ ನಡೆಯುತ್ತಿತ್ತು. ಮಾತಾಡುವ ಸರದಿ ಹೆಸರಿನ ಅಕ್ಷರಕ್ರಮದಲ್ಲಿ ಬರುತ್ತಿತ್ತು. ದೊಡ್ಡವರು, ಚಿಕ್ಕವರು ಅಂತ ವಿನಾಯಿತಿ ಇಲ್ಲ. ಅಮೆರಿಕದ ‘ಫಿಸಿಕಲ್ ರಿವ್ಯೂ’ ಪತ್ರಿಕೆಯ ಹೊಸ ಸಂಚಿಕೆಯಲ್ಲಿ ಯಾವ ಲೇಖನಗಳ ಬಗ್ಗೆ ಕೇಳಬೇಕು ಅಂತ ಸೋವಿಯತ್ ಭೌತವಿಜ್ಞಾನಿ ಲೆವ್ ಲಾಂಡೌ ಮೊದಲೇ ಗುರುತು ಹಾಕಿಟ್ಟಿರುತ್ತಿದ್ದ. ಸರದಿ ಬಂದವನು ಅವನ್ನೆಲ್ಲ ಓದಿ, ಅರ್ಥ ಮಾಡಿಕೊಂಡು, ಬೋರ್ಡಿನ ಮುಂದೆ ನಿಂತು ಹೇಳಬೇಕು. ವಿಷಯ ಯಾವುದಾದರೂ ಆಗಿರಬಹುದು, ‘ಇದು ನನ್ನ ಕ್ಷೇತ್ರವಲ್ಲ’ ಅಂತ ಜಾರಿಕೊಳ್ಳುವಂತಿಲ್ಲ. ಅರ್ಥವಾಗದೆ ಬಂದವನಿಗೆ ಎಲ್ಲರೆದುರು ಮಂಗಳಾರತಿ ಆಗುತ್ತಿತ್ತು.

ಇಷ್ಟೆಲ್ಲ ಏರ್ಪಾಡು ಯಾಕೆಂದರೆ, ಲಾಂಡೌ ತಾನಾಗಿ ಪೇಪರ್, ಅಂದರೆ ಸಂಶೋಧನಾ ಲೇಖನ, ಓದುತ್ತಿದ್ದುದು ತೀರಾ ಕಡಿಮೆ. ಪ್ರಶ್ನೆ ಏನು, ಉತ್ತರ ಏನು ಬಂತು, ಅಷ್ಟು ಹೇಳಿದರೆ ಅವನಿಗೆ ಸಾಕು. ನಡುವಿನ ದಾರಿಯನ್ನು ತಾನೇ ಕಂಡುಕೊಳ್ಳುತ್ತಿದ್ದ. ಬೇರೆಯವರ ಲೆಕ್ಕದ ಹಿಂದೆ ಹೋಗುವುದಕ್ಕಿಂತ ತಾನೇ ಹೊಸದಾಗಿ ಮಾಡುವುದು ಅವನಿಗೆ ಸುಲಭವಾಗಿತ್ತು. ಇನ್ನು ಬರೆಯುವುದು ಅಂದರಂತೂ ಆಗುತ್ತಲೇ ಇರಲಿಲ್ಲ. ಅವನ ಹೆಸರಿನಲ್ಲಿ ಬಂದ ಎಷ್ಟೋ ಲೇಖನಗಳನ್ನು ಕಾಗದಕ್ಕಿಳಿಸಿದ್ದು ಬೇರೆಯವರ ಕೈ.

ಭೌತಶಾಸ್ತ್ರದ ಯಾವ ಮೂಲೆಗೆ ಹೋದರೂ ಎದುರಾಗುವ ಹೆಸರು ಇದು. ಪ್ಲಾಸ್ಮಾ ಓದಿದರೆ ಲಾಂಡೌ ಡ್ಯಾಂಪಿಂಗ್. ಕಾಂತಕ್ಷೇತ್ರದಲ್ಲಿ ಎಲೆಕ್ಟ್ರಾನ್ ಅಂದರೆ ಲಾಂಡೌ ಲೆವೆಲ್. ಲೋಹಗಳ ಒಳಗೆ ಹೋದರೆ ಫರ್ಮಿ ದ್ರವದ ಸಿದ್ಧಾಂತ, ಅದೂ ಅವನದೇ. ಹೀಗಿದ್ದವನು ಓದುತ್ತಿರಲಿಲ್ಲ, ಬರೆಯುತ್ತಿರಲಿಲ್ಲ ಅಂದರೆ ಏನರ್ಥ? ಅವನ ವಿಜ್ಞಾನವೆಲ್ಲ ಮಾತಿನಲ್ಲೇ ನಡೆಯುತ್ತಿತ್ತು ಅಂತ. ಕಿವಿಯಿಂದ ಒಳಗೆ ಹೋಗಿ ಬಾಯಿಂದ ಹೊರಗೆ ಬರುತ್ತಿತ್ತು. ಹಾಗಾಗಿ ಅವನ ಎದುರು ನಿಂತವರು ಯಾರು, ಅವರಿಗೆ ಎಷ್ಟು ಧೈರ್ಯವಿತ್ತು ಅನ್ನುವುದರ ಮೇಲೆ ಬಹಳಷ್ಟು ನಿಂತಿತ್ತು. ಅವನನ್ನು ಒಂಟಿ ಪ್ರತಿಭೆ ಅಂತ ಕೊಂಡಾಡುವ ಬರಹಗಳನ್ನು ನೋಡಿದಾಗೆಲ್ಲ ನನಗೆ ಇದೇ ತಕರಾರು. ಇಷ್ಟೊಂದು ಜನರ ಮೇಲೆ ನಿಂತ ಪ್ರತಿಭೆ ಇನ್ನೊಂದಿಲ್ಲ.

ಹುಟ್ಟಿದ್ದು 1908ರ ಜನವರಿ 22ರಂದು, ಬಾಕು ಪಟ್ಟಣದಲ್ಲಿ. ಅಪ್ಪ ಪೆಟ್ರೋಲಿಯಂ ಎಂಜಿನಿಯರ್, ಅಮ್ಮ ಡಾಕ್ಟರ್. 14ನೇ ವಯಸ್ಸಿಗೆ ವಿಶ್ವವಿದ್ಯಾಲಯ ಸೇರಿದ. 1924ರಲ್ಲಿ ಲೆನಿನ್‌ಗ್ರಾಡ್‌ಗೆ ಹೋದ. ಅಲ್ಲಿ ಜಾರ್ಜ್ ಗ್ಯಾಮೊ ಮತ್ತು ದ್ಮಿತ್ರಿ ಇವಾನೆಂಕೊ ಜೊತೆಗಾರರು. ಕ್ವಾಂಟಂ ಮೆಕ್ಯಾನಿಕ್ಸ್ ಆಗಷ್ಟೇ ಹುಟ್ಟುತ್ತಿದ್ದ ಕಾಲ. 1929ರಿಂದ ಒಂದೂವರೆ ವರ್ಷ ಯುರೋಪ್ ಸುತ್ತಿದ. ಕೋಪನ್‌ಹೇಗನ್‌ನಲ್ಲಿ ನೀಲ್ಸ್ ಬೋರ್ ಸಿಕ್ಕ. ಬದುಕಿಡೀ ಲಾಂಡೌ ಗುರು ಅಂತ ಒಪ್ಪಿಕೊಂಡದ್ದು ಆ ಒಬ್ಬನನ್ನೇ. ಕೇಂಬ್ರಿಡ್ಜ್‌ನಲ್ಲಿ ರಷ್ಯದವನೇ ಆದ ಪ್ರಯೋಗಕಾರ ಪ್ಯೋತ್ರ್ ಕಪಿತ್ಸಾ ಸಿಕ್ಕ. ಈ ಎರಡನೇ ಪರಿಚಯ ಮುಂದೆ ಜೀವ ಉಳಿಸಿತು.

ಅವನಿಗೊಂದು ವಿಚಿತ್ರ ಚಟವಿತ್ತು. ಭೌತವಿಜ್ಞಾನಿಗಳಿಗೆಲ್ಲ ಅಂಕ ಹಾಕಿ ಸಾಲಿನಲ್ಲಿ ನಿಲ್ಲಿಸುವುದು. ಅಳತೆಪಟ್ಟಿ ಲಾಗರಿದಮ್‌ನದು. ಅಂಕ ಕಡಿಮೆ ಇದ್ದಷ್ಟೂ ಆಸಾಮಿ ದೊಡ್ಡವನು. ಒಂದು ಮೆಟ್ಟಿಲು ಕೆಳಗಿದ್ದವನ ಕೊಡುಗೆ ಮೇಲಿನವನ ಹತ್ತನೇ ಒಂದು ಭಾಗ. ಐನ್‌ಸ್ಟೈನ್‌ಗೆ 0.5. ಬೋರ್, ಹೈಸೆನ್‌ಬರ್ಗ್, ಡಿರಾಕ್, ಷ್ರೋಡಿಂಗರ್ ಇವರೆಲ್ಲ 1. ತನಗೆ ತಾನು 2.5 ಕೊಟ್ಟುಕೊಂಡಿದ್ದ, ಆಮೇಲೆ 2ಕ್ಕೆ ಏರಿಸಿಕೊಂಡ. ಇದನ್ನು ಅಹಂಕಾರ ಅನ್ನಬೇಕೋ ವಿನಯ ಅನ್ನಬೇಕೋ ಗೊತ್ತಾಗುವುದಿಲ್ಲ. ಕ್ವಾಂಟಂ ಕ್ರಾಂತಿಗೆ ತಾನು ಸ್ವಲ್ಪ ತಡವಾಗಿ ಹುಟ್ಟಿದೆ ಅನ್ನುವ ಕೊರಗು ಅವನಿಗಿತ್ತು. ಒಳ್ಳೆಯ ಹುಡುಗಿಯರಿಗೆಲ್ಲ ಆಗಲೇ ಮದುವೆ ಆಗಿಹೋಗಿದೆ ಅನ್ನುವ ಧಾಟಿಯಲ್ಲಿ ಅದನ್ನು ತಮಾಷೆಯಾಗಿ ಹೇಳಿಕೊಳ್ಳುತ್ತಿದ್ದನಂತೆ.

1932ರಲ್ಲಿ ಉಕ್ರೇನಿನ ಖಾರ್ಕಿವ್‌ಗೆ ಬಂದು ಅಲ್ಲಿನ ಭೌತಶಾಸ್ತ್ರ ಸಂಸ್ಥೆಯ ಸೈದ್ಧಾಂತಿಕ ವಿಭಾಗದ ಮುಖ್ಯಸ್ಥನಾದ. ವಯಸ್ಸು 24. ಬಾಗಿಲ ಮೇಲೆ ‘ಲಾಂಡೌ. ಎಚ್ಚರಿಕೆ, ಕಚ್ಚುತ್ತಾನೆ’ ಅಂತ ಬೋರ್ಡು. ಅಲ್ಲೇ ಶುರುವಾದದ್ದು ಆ ಪ್ರಸಿದ್ಧ ‘ಥಿಯರೆಟಿಕಲ್ ಮಿನಿಮಮ್’. ಅವನ ಹತ್ತಿರ ಕೆಲಸ ಮಾಡಬೇಕೆಂದರೆ ಪರೀಕ್ಷೆ ಪಾಸಾಗಬೇಕು. ಕೊನೆಗೆ ಅದು ಒಂಬತ್ತು ಪರೀಕ್ಷೆಗಳಷ್ಟಾಯಿತು. ಎರಡು ಗಣಿತದವು. ಉಳಿದವು ಮೆಕ್ಯಾನಿಕ್ಸ್‌ನಿಂದ ಹಿಡಿದು ಕ್ವಾಂಟಂ ಸಿದ್ಧಾಂತದವರೆಗೆ, ಭೌತಶಾಸ್ತ್ರ ಅನ್ನುವುದೆಲ್ಲವೂ. ಯಾರು ಬೇಕಾದರೂ ಫೋನ್ ಮಾಡಿ, ಪರೀಕ್ಷೆ ತಗೊಳ್ತೀನಿ ಅನ್ನಬಹುದಿತ್ತು. ಶಿಫಾರಸು ಬೇಕಿಲ್ಲ, ಪದವಿಯೂ ಬೇಕಿಲ್ಲ. ಆದರೆ 1934ರಿಂದ 1961ರವರೆಗೆ ಪೂರ್ತಿ ಪಾಸಾದವರು 43 ಜನ ಮಾತ್ರ. ಆ ಪಟ್ಟಿಯನ್ನು ಲಾಂಡೌ ಖುದ್ದಾಗಿ ಇಟ್ಟಿದ್ದ. ಬರೆಯುವುದಕ್ಕೆ ಬೇಸರಪಡುತ್ತಿದ್ದ ಮನುಷ್ಯ ಇದೊಂದನ್ನು ತಪ್ಪದೆ ಬರೆದಿಟ್ಟಿದ್ದಾನೆ ನೋಡಿ.

ಆ ಪಟ್ಟಿಯ ಎರಡನೇ ಹೆಸರು ಎವ್ಗೆನಿ ಲಿಫ್‌ಷಿಟ್ಸ್. ಇವನ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಸೈದ್ಧಾಂತಿಕ ಭೌತಶಾಸ್ತ್ರದ ಹತ್ತು ಸಂಪುಟಗಳ ಪಠ್ಯಮಾಲೆ ಇದೆಯಲ್ಲ, ಜಗತ್ತಿನ ಭೌತಶಾಸ್ತ್ರ ವಿದ್ಯಾರ್ಥಿಗಳೆಲ್ಲ ಒಂದಲ್ಲ ಒಂದು ಸಲ ಬೆವರು ಸುರಿಸಿದ್ದು, ಅದನ್ನು ಬರೆದ ಕೈ ಇವನದು. ‘ಅದರಲ್ಲಿ ಲಾಂಡೌನ ಒಂದು ಪದವೂ ಇಲ್ಲ, ಲಿಫ್‌ಷಿಟ್ಸ್‌ನ ಒಂದು ವಿಚಾರವೂ ಇಲ್ಲ’ ಅಂತ ಒಂದು ಹಳೆಯ ಜೋಕ್ ಇದೆ. ಕೇಳುವುದಕ್ಕೆ ಚೆನ್ನಾಗಿದೆ. ಆದರೆ ಲಿಫ್‌ಷಿಟ್ಸ್‌ಗೆ ಅನ್ಯಾಯ. ಅವನು ಸುಮ್ನೆ ಹೇಳಿದ್ದನ್ನು ಬರೆದುಕೊಂಡು ಹೋದ ಗುಮಾಸ್ತನಲ್ಲ. ಅದು ಮುಂದೆ ಹೀಲಿಯಂ ವಿಷಯ ಬಂದಾಗ ಗೊತ್ತಾಗುತ್ತದೆ.

1937 ಬಂತು. ಆ ವರ್ಷ ಲಾಂಡೌ ಸ್ಥಿತಿ ಬದಲಾವಣೆಯ ಸಿದ್ಧಾಂತ ಕೊಟ್ಟ. ಒಂದು ವಸ್ತು ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಹೋಗುವಾಗ ಅದರ ಅಣುಗಳು ಏನೇನು ಮಾಡುತ್ತವೆ ಅಂತ ತಲೆ ಕೆಡಿಸಿಕೊಳ್ಳಬೇಡಿ, ಸಮ್ಮಿತಿ ನೋಡಿ ಅಂದ. ಸಮ್ಮಿತಿ ಅಂದರೆ ತಿರುಗಿಸಿದರೂ ಸರಿಸಿದರೂ ಮೊದಲಿನ ಹಾಗೇ ಕಾಣುವ ಗುಣ. ಸಮ್ಮಿತಿ ಇರುತ್ತದೆ ಅಥವಾ ಇರುವುದಿಲ್ಲ, ಅರ್ಧ ಇರುವುದಕ್ಕೆ ಆಗುವುದಿಲ್ಲ. ಅದು ಮುರಿದಾಗ ಒಂದು ಅಳತೆ ಸೊನ್ನೆಯಿಂದ ಮೇಲೇಳುತ್ತದೆ. ಆ ಅಳತೆಗೆ ಆರ್ಡರ್ ಪ್ಯಾರಾಮೀಟರ್ ಅಂತಾರೆ. ಅದರ ವರ್ಗ, ನಾಲ್ಕನೇ ಘಾತ ಹಾಕಿ ಶಕ್ತಿಯನ್ನು ಬರೆದರೆ ಉಳಿದದ್ದೆಲ್ಲ ತಾನಾಗಿ ಹೊರಬರುತ್ತದೆ. ಕಾಂತವಾಗಲಿ, ಮಿಶ್ರಲೋಹವಾಗಲಿ, ಒಂದೇ ಚೌಕಟ್ಟು. ಸ್ಥಿತಿ ಬದಲಾಗುವ ಬಿಂದುವಿನ ತೀರಾ ಹತ್ತಿರ ಇದು ಕೈಕೊಡುತ್ತದೆ ಅಂತ ಆಮೇಲೆ ಗೊತ್ತಾಯಿತು. ಆದರೂ ಇವತ್ತಿಗೂ ಮೊದಲು ಕೈ ಹಾಕುವುದು ಇದಕ್ಕೇ.

ಅದೇ ವರ್ಷ ಖಾರ್ಕಿವ್‌ನಲ್ಲಿ ಸ್ಟಾಲಿನ್‌ನ ಪೊಲೀಸರು ವಿಜ್ಞಾನಿಗಳನ್ನು ಒಬ್ಬೊಬ್ಬರನ್ನಾಗಿ ಎಳೆದೊಯ್ದರು. ಲಾಂಡೌನ ಗೆಳೆಯ, ಶೀತಲ ಭೌತಶಾಸ್ತ್ರದ ದೊಡ್ಡ ಪ್ರಯೋಗಕಾರ ಲೆವ್ ಷುಬ್ನಿಕೊವ್‌ನನ್ನು ನವೆಂಬರ್‌ನಲ್ಲಿ ಗುಂಡಿಕ್ಕಿ ಕೊಂದರು. ಅಷ್ಟರಲ್ಲಿ ಲಾಂಡೌ ಮಾಸ್ಕೋಗೆ, ಕಪಿತ್ಸಾನ ಭೌತಿಕ ಸಮಸ್ಯೆಗಳ ಸಂಸ್ಥೆಗೆ ಓಡಿಬಂದಿದ್ದ. ಅಲ್ಲೂ ಬಿಡಲಿಲ್ಲ. 1938ರ ಏಪ್ರಿಲ್ ಕೊನೆಯಲ್ಲಿ ಬಂಧನವಾಯಿತು. ಗೆಳೆಯ ಮೊಯ್ಸಿ ಕೊರೆತ್ಸ್ ಜೊತೆ ಸೇರಿ ಮೇ ದಿನಕ್ಕೆಂದು ತಯಾರಿಸಿದ ಒಂದು ಕರಪತ್ರ ಪೊಲೀಸ್ ಕಡತದಲ್ಲಿದೆ. ಸ್ಟಾಲಿನ್‌ನನ್ನು ಹಿಟ್ಲರ್, ಮುಸೊಲಿನಿಯ ಸಾಲಿನಲ್ಲಿ ನಿಲ್ಲಿಸಿದ ಕರಪತ್ರ. ಆ ಕಾಲದಲ್ಲಿ ಏನೂ ಮಾಡದವರೇ ಸಾಯುತ್ತಿದ್ದರು. ಇದು ಸಿಕ್ಕಿದ ಮೇಲೆ ಬದುಕುವುದುಂಟೇ?

ಕಪಿತ್ಸಾ ಬಂಧನದ ದಿನವೇ ಸ್ಟಾಲಿನ್‌ಗೆ ಪತ್ರ ಬರೆದ. ಆ ಪತ್ರ ಬಹಳ ಜಾಣತನದ್ದು. ಲಾಂಡೌ ಒಳ್ಳೆಯವನು ಅಂತ ಅವನು ವಾದಿಸಲೇ ಇಲ್ಲ. ಅವನ ಸ್ವಭಾವ ಕೆಟ್ಟದ್ದು, ಜಗಳಗಂಟ, ಬೇರೆಯವರ ತಪ್ಪು ಹುಡುಕುವುದೆಂದರೆ ಇಷ್ಟ, ಅದರಲ್ಲೂ ದೊಡ್ಡವರ ತಪ್ಪು ಸಿಕ್ಕರೆ ಗೇಲಿ ಮಾಡುತ್ತಾನೆ, ಹಾಗಾಗಿ ಶತ್ರುಗಳು ಬಹಳ ಅಂತ ಒಪ್ಪಿಕೊಂಡ. ಆದರೆ ದೇಶಕ್ಕೆ ಇಂಥ ಸಿದ್ಧಾಂತಿ ಇನ್ನೊಬ್ಬನಿಲ್ಲ ಅಂದ. ಬೋರ್ ಕೂಡ ಕೋಪನ್‌ಹೇಗನ್‌ನಿಂದ ಸ್ಟಾಲಿನ್‌ಗೆ ಬರೆದ. ಉತ್ತರವಿಲ್ಲ. ವರ್ಷ ಕಳೆದ ಮೇಲೆ, 1939ರ ಏಪ್ರಿಲ್‌ನಲ್ಲಿ, ಕಪಿತ್ಸಾ ಪ್ರಧಾನಿ ಮೊಲೊಟೊವ್‌ಗೆ ಬರೆದ ಪತ್ರದಲ್ಲಿ ಹೀಲಿಯಂ ಬಂತು. ನಾನು ಹೊಸದೇನೋ ಕಂಡುಹಿಡಿದಿದ್ದೇನೆ, ಅದನ್ನು ವಿವರಿಸುವ ಸಿದ್ಧಾಂತಿ ಬೇಕು, ಅವನು ಜೈಲಿನಲ್ಲಿದ್ದಾನೆ ಅಂತ. ಕೊನೆಗೆ ಗುಪ್ತ ಪೊಲೀಸರ ಮುಖ್ಯಸ್ಥ ಬೆರಿಯಾಗೆ ಜಾಮೀನು ಬರೆದುಕೊಟ್ಟು ಬಿಡಿಸಿಕೊಂಡು ಬಂದ. ಇನ್ನು ಅರ್ಧ ವರ್ಷ ಒಳಗಿದ್ದಿದ್ದರೆ ಬದುಕುತ್ತಿರಲಿಲ್ಲ ಅಂತ ಲಾಂಡೌ ಆಮೇಲೆ ಬರೆದಿದ್ದಾನೆ. ಪ್ರಕರಣ ಕಾಗದದ ಮೇಲೆ ಮುಗಿದದ್ದು 1990ರಲ್ಲಿ. ಅಷ್ಟು ಹೊತ್ತಿಗೆ ಜಾಮೀನು ಕೊಟ್ಟವನೂ ಇಲ್ಲ, ಪಡೆದವನೂ ಇಲ್ಲ.

ಜಾಮೀನಿಗೆ ನೆಪವಾದ ಆ ಹೀಲಿಯಂ ಏನು? ಹೀಲಿಯಂ ಅನಿಲ 4.2 ಕೆಲ್ವಿನ್‌ನಲ್ಲಿ, ಅಂದರೆ ಸುಮಾರು ಮೈನಸ್ 269 ಡಿಗ್ರಿ ಸೆಲ್ಸಿಯಸ್‌ನಲ್ಲಿ, ದ್ರವವಾಗುತ್ತದೆ. ಇನ್ನೂ ತಂಪು ಮಾಡಿ 2.17 ಕೆಲ್ವಿನ್‌ಗಿಂತ ಕೆಳಗೆ ಹೋದರೆ ಅದಕ್ಕೆ ಏನೋ ಆಗುತ್ತದೆ. ಕೂದಲಿಗಿಂತ ಎಷ್ಟೋ ಸಣ್ಣ ಸಂದಿನಲ್ಲೂ ತಡೆಯೇ ಇಲ್ಲದೆ ಹರಿಯುತ್ತದೆ. ಕಪಿತ್ಸಾ ಮಾಸ್ಕೋದಲ್ಲಿ, ಜಾನ್ ಅಲೆನ್ ಮತ್ತು ಡಾನ್ ಮೈಸ್ನರ್ ಕೇಂಬ್ರಿಡ್ಜ್‌ನಲ್ಲಿ ಇದನ್ನು ಕಂಡು, 1938ರ ಜನವರಿಯಲ್ಲಿ ‘ನೇಚರ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಪ್ರಕಟಿಸಿದ್ದರು.

ಲಾಂಡೌ 1941ರಲ್ಲಿ ಕೊಟ್ಟ ಉತ್ತರ ನನಗೆ ಅವನ ಕೆಲಸಗಳಲ್ಲೇ ಅತಿ ಇಷ್ಟವಾದದ್ದು. ಅವನು ಹೀಲಿಯಂ ಪರಮಾಣುಗಳನ್ನು ಲೆಕ್ಕಕ್ಕೇ ತಗೊಳ್ಳಲಿಲ್ಲ. ಪೂರ್ತಿ ದ್ರವ ಒಂದು ಕ್ವಾಂಟಂ ವಸ್ತು, ಅದರಲ್ಲಿ ಏಳುವ ಕಂಪನಗಳನ್ನಷ್ಟೇ ಎಣಿಸೋಣ ಅಂದ. ಉದ್ದ ಅಲೆಯ ಕಂಪನಗಳು ಫೋನಾನ್, ಇನ್ನೊಂದು ಬಗೆಯವು ರೋಟಾನ್. ಈಗ ಯೋಚಿಸಿ. ಕೊಳವೆಯಲ್ಲಿ ಹರಿಯುವ ದ್ರವ ನಿಧಾನವಾಗಬೇಕೆಂದರೆ ಅದರ ಚಲನೆಯ ಶಕ್ತಿ ಎಲ್ಲಿಗೋ ಹೋಗಬೇಕು. ಹೋಗುವುದಕ್ಕಿರುವ ದಾರಿ ಒಂದೇ, ಹೊಸ ಕಂಪನ ಹುಟ್ಟಬೇಕು. ಆದರೆ ಶಕ್ತಿ, ಸಂವೇಗ ಎರಡರ ಲೆಕ್ಕವೂ ಒಟ್ಟಿಗೆ ಕೂಡಬೇಕಲ್ಲ? ಒಂದು ವೇಗಕ್ಕಿಂತ ಕೆಳಗೆ ಅದು ಕೂಡುವುದೇ ಇಲ್ಲ. ಕಂಪನ ಹುಟ್ಟುವಂತಿಲ್ಲ, ಶಕ್ತಿ ಹೋಗುವಂತಿಲ್ಲ, ಹಾಗಾಗಿ ದ್ರವ ನಿಲ್ಲುವಂತಿಲ್ಲ. ಇಷ್ಟೇ ವಾದ. ಅರ್ಧ ಪುಟದ ಲೆಕ್ಕ.

ಆ ಸಿದ್ಧಾಂತದಿಂದ ಇನ್ನೊಂದು ಭವಿಷ್ಯ ಹೊರಬಿತ್ತು. ಈ ದ್ರವದಲ್ಲಿ ಎರಡನೇ ಬಗೆಯ ಶಬ್ದ ಇರಬೇಕು. ಒತ್ತಡದ ಅಲೆಯಲ್ಲ, ಉಷ್ಣತೆಯ ಅಲೆ. ಮಾಸ್ಕೋದವರು ಮಾಮೂಲಿ ಶಬ್ದ ಹುಟ್ಟಿಸುವ ಸಾಧನ ಇಟ್ಟು ಹುಡುಕಿದರು. ಸಿಗಲಿಲ್ಲ. ಆಗ ಲೆಕ್ಕ ಹಾಕಿ, ಹೀಗೆ ಹುಡುಕಿದರೆ ಅದು ಸಿಗುವುದೇ ಇಲ್ಲ, ಒಂದು ಹೀಟರನ್ನು ಬಿಸಿ ಮಾಡಿ ತಣಿಸಿ ಅಲೆ ಎಬ್ಬಿಸಬೇಕು ಅಂತ ತೋರಿಸಿಕೊಟ್ಟವನು ನಮ್ಮ ಲಿಫ್‌ಷಿಟ್ಸ್. 1944ರಲ್ಲಿ ವಾಸಿಲಿ ಪೆಷ್ಕೊವ್ ಹಾಗೆಯೇ ಮಾಡಿದ. ಸೆಕೆಂಡಿಗೆ ಸುಮಾರು 20 ಮೀಟರ್ ವೇಗದ ಉಷ್ಣತೆಯ ಅಲೆ ಸಿಕ್ಕಿತು. ಗುಮಾಸ್ತ ಮಾಡುವ ಕೆಲಸವಾ ಇದು?

ಹೊಗಳಿಕೆ ಇಲ್ಲಿಗೆ ನಿಲ್ಲಿಸುತ್ತೇನೆ. ಇದೇ ಹೀಲಿಯಂಗೆ ಲಾಂಡೌಗಿಂತ ಮೊದಲೇ, 1938ರಲ್ಲಿ, ಫ್ರಿಟ್ಸ್ ಲಂಡನ್ ಅನ್ನುವ ಭೌತವಿಜ್ಞಾನಿ ಒಂದು ದಾರಿ ತೋರಿಸಿದ್ದ. ಬೋಸ್ ಮತ್ತು ಐನ್‌ಸ್ಟೈನ್ ಹೇಳಿದ ಕಂಡೆನ್ಸೇಷನ್, ಅಂದರೆ ತೀರಾ ತಂಪಿನಲ್ಲಿ ಎಷ್ಟೋ ಕಣಗಳು ಒಂದೇ ಕ್ವಾಂಟಂ ಸ್ಥಿತಿಗೆ ಬಂದು ಸೇರುವುದು, ಇಲ್ಲಿ ಕೆಲಸ ಮಾಡುತ್ತಿದೆ ಅಂದಿದ್ದ. ಲಾಸ್ಲೊ ತಿಸ್ಸಾ ಅದರ ಮೇಲೆ, ತಡೆಯಿಲ್ಲದ್ದೊಂದು ಮಾಮೂಲಿಯದೊಂದು ಹೀಗೆ ಎರಡು ದ್ರವಗಳು ಬೆರೆತಿವೆ ಅನ್ನುವ ಚಿತ್ರ ಕಟ್ಟಿದ್ದ. ತಿಸ್ಸಾ ಬೇರೆ ಯಾರೂ ಅಲ್ಲ, ಖಾರ್ಕಿವ್‌ನಲ್ಲಿ ಲಾಂಡೌನ ಪರೀಕ್ಷೆ ಪಾಸಾದವನೇ. ಲಾಂಡೌ ಆ ಕಂಡೆನ್ಸೇಷನ್ ವಿಚಾರವನ್ನು ಪಕ್ಕಕ್ಕೆ ತಳ್ಳಿಬಿಟ್ಟ. ಆದರೆ ಲಂಡನ್ ಹೇಳಿದ್ದು ಸರಿಯಿತ್ತು.

ಇಂಥದ್ದು ಒಂದೇ ಸಲ ಆಗಿದ್ದರೆ ಬಿಡಬಹುದಿತ್ತು. 1950ರಲ್ಲಿ ಲಾಂಡೌ ಮತ್ತು ವಿತಾಲಿ ಗಿಂಜ್‌ಬರ್ಗ್ ಸೇರಿ ಸೂಪರ್‌ಕಂಡಕ್ಟರ್‌ಗಳಿಗೆ, ಅಂದರೆ ತಡೆಯೇ ಇಲ್ಲದೆ ವಿದ್ಯುತ್ ಹರಿಯುವ ವಸ್ತುಗಳಿಗೆ, ಒಂದು ಸಮೀಕರಣ ಕೊಟ್ಟರು. ಯುವಕ ಅಲೆಕ್ಸೈ ಅಬ್ರಿಕೊಸೊವ್ ಅದನ್ನೇ ಹಿಡಿದು ಇನ್ನಷ್ಟು ದೂರ ಹೋದ. ಕೆಲವು ಸೂಪರ್‌ಕಂಡಕ್ಟರ್‌ಗಳ ಒಳಗೆ ಕಾಂತಕ್ಷೇತ್ರ ಸಣ್ಣ ಸಣ್ಣ ಸುಳಿಗಳಾಗಿ, ಸಾಲುಸಾಲಾಗಿ ನಿಲ್ಲುತ್ತದೆ ಅನ್ನುವುದು ಅವನಿಗೆ ಹೊಳೆಯಿತು. ಲಾಂಡೌ ಒಪ್ಪಲಿಲ್ಲ. ಹುಡುಗ ಕಾಗದಗಳನ್ನು ಡ್ರಾಯರ್‌ಗೆ ಹಾಕಿಟ್ಟ. ಹೀಲಿಯಂನಲ್ಲಿ ಸುಳಿಗಳಿವೆ ಅಂತ ಅಮೆರಿಕದ ಫೈನ್‌ಮನ್ ಬರೆದದ್ದು ಬಂದ ಮೇಲೆ ಗಾಳಿ ಬದಲಾಯಿತು. ಅಬ್ರಿಕೊಸೊವ್ ಪ್ರಕಟಿಸಿದ್ದು 1957ರಲ್ಲಿ. ಅದೇ ಕೆಲಸಕ್ಕೆ 2003ರಲ್ಲಿ ನೊಬೆಲ್ ಬಂತು. ಆಸ್ಪತ್ರೆಗಳ ಎಂಆರ್‌ಐ ಯಂತ್ರದ ಸುರುಳಿಗಳಲ್ಲಿರುವುದು ಆ ಜಾತಿಯ ಸೂಪರ್‌ಕಂಡಕ್ಟರ್.

1956ರಲ್ಲಿ ಇಯೊಸಿಫ್ ಷಪಿರೊ ಅನ್ನುವವನು ಒಂದು ಲೇಖನ ತಂದು ಲಾಂಡೌ ಮುಂದಿಟ್ಟ. ಪ್ರಕೃತಿ ಎಡ, ಬಲ ಅಂತ ಭೇದ ಮಾಡಬಹುದು ಅನ್ನುವುದು ಅದರ ಸಾರ. ಲಾಂಡೌ ತಳ್ಳಿಹಾಕಿದ. ಅಮೆರಿಕದಲ್ಲಿ ಲೀ ಮತ್ತು ಯಾಂಗ್ ಅದನ್ನೇ ಹೇಳಿ, ಚಿಯೆನ್-ಷಿಯುಂಗ್ ವೂ ಪ್ರಯೋಗದಲ್ಲಿ ತೋರಿಸಿದಳು. 1957ರಲ್ಲಿ ಲೀ ಮತ್ತು ಯಾಂಗ್‌ಗೆ ನೊಬೆಲ್ ಬಂತು. ಲಾಂಡೌ ಕೂಡ ಅದೇ ವಿಷಯದಲ್ಲಿ ಚೆಂದದ ಲೇಖನ ಬರೆದ. ಷಪಿರೊನ ಲೇಖನ ಮಾತ್ರ ಮೂಲೆಯಲ್ಲಿತ್ತು.

ಇದನ್ನೆಲ್ಲ ದುಷ್ಟತನ ಅಂತ ನಾನು ಹೇಳುವುದಿಲ್ಲ. ಬೇಡದ್ದನ್ನು ಕಿತ್ತೆಸೆಯುವುದೇ ಅವನ ಶಕ್ತಿಯಾಗಿತ್ತು. ಹೀಲಿಯಂನಲ್ಲಿ ಪರಮಾಣುಗಳನ್ನೇ ಎಸೆದವನು ಒಂದು ಲೇಖನವನ್ನು ಎಸೆಯಲು ಎಷ್ಟು ಹೊತ್ತು ಯೋಚಿಸುತ್ತಾನೆ? ಓದುವ ಅಭ್ಯಾಸವಿದ್ದಿದ್ದರೆ ರಾತ್ರಿ ಕೂತು ಇನ್ನೊಮ್ಮೆ ನೋಡಬಹುದಿತ್ತು. ಮಾತಿನಲ್ಲಿ ಆ ಅವಕಾಶವಿಲ್ಲ. ಎರಡು ನಿಮಿಷದಲ್ಲಿ ಒಪ್ಪಿಸಬೇಕು, ಇಲ್ಲದಿದ್ದರೆ ಮುಗಿಯಿತು. ಲಿಫ್‌ಷಿಟ್ಸ್‌ನಂಥವರು ಬೈಸಿಕೊಂಡು ಮರುದಿನ ಮತ್ತೆ ಬರುತ್ತಿದ್ದರು. ಎಲ್ಲರ ಎದೆಯೂ ಅಷ್ಟು ಗಟ್ಟಿಯಿರುವುದಿಲ್ಲ, ಅಲ್ವಾ?

1961ರಲ್ಲಿ ಬೋರ್ ಮಾಸ್ಕೋಗೆ ಬಂದಾಗಿನ ಒಂದು ಪ್ರಸಂಗ ಇಲ್ಲಿ ಹೇಳಲೇಬೇಕು. ಇಷ್ಟು ದೊಡ್ಡ ಶಿಷ್ಯಬಳಗ ಹೇಗೆ ಕಟ್ಟಿದಿರಿ ಅಂತ ಯಾರೋ ಕೇಳಿದರು. ನಾನು ದಡ್ಡ ಅಂತ ಶಿಷ್ಯರ ಮುಂದೆ ಒಪ್ಪಿಕೊಳ್ಳುವುದಕ್ಕೆ ನನಗೆ ಯಾವತ್ತೂ ನಾಚಿಕೆ ಆಗಲಿಲ್ಲ ಅನ್ನುವ ಅರ್ಥದಲ್ಲಿ ಬೋರ್ ಉತ್ತರಿಸಿದ. ರಷ್ಯನ್‌ಗೆ ಅನುವಾದಿಸುತ್ತಿದ್ದವನು ಲಿಫ್‌ಷಿಟ್ಸ್. ಅವನ ಬಾಯಲ್ಲಿ ಅದು, ನೀವು ದಡ್ಡರು ಅಂತ ಶಿಷ್ಯರಿಗೆ ಹೇಳುವುದಕ್ಕೆ ನನಗೆ ನಾಚಿಕೆ ಆಗಲಿಲ್ಲ ಅಂತ ಆಯಿತು. ಸಭೆ ನಕ್ಕಿತು, ಅವನು ತಿದ್ದಿಕೊಂಡ. ಇದು ಬಾಯಿತಪ್ಪಲ್ಲ, ಬೋರ್ ಶಾಲೆಗೂ ಲಾಂಡೌ ಶಾಲೆಗೂ ಇರುವ ವ್ಯತ್ಯಾಸವೇ ಇದು ಅಂದನಂತೆ ಕಪಿತ್ಸಾ.

ಬಾಂಬಿನ ವಿಷಯ ಚಿಕ್ಕದಾಗಿ. ಸೋವಿಯತ್ ಅಣ್ವಸ್ತ್ರಕ್ಕೆ ಲಾಂಡೌನ ಗುಂಪು ಲೆಕ್ಕ ಮಾಡಿಕೊಟ್ಟಿತು. ಸ್ಟಾಲಿನ್ ಪ್ರಶಸ್ತಿ ಮೂರು ಸಲ ಬಂತು. ಆ ಕೆಲಸ ಅವನಿಗೆ ರಕ್ಷಣೆಯ ಬೇಲಿ ಮಾತ್ರ. 1953ರಲ್ಲಿ ಸ್ಟಾಲಿನ್ ಸತ್ತ. ಇನ್ನು ಅವನ ಹೆದರಿಕೆ ಇಲ್ಲ, ಇನ್ನು ಇದನ್ನು ಮಾಡುವುದಿಲ್ಲ ಅಂತ ಶಿಷ್ಯ ಖಲಾತ್ನಿಕೊವ್‌ಗೆ ಹೇಳಿ ಹೊರಬಂದ. 1957ರ ಗುಪ್ತ ಪೊಲೀಸ್ ವರದಿಯೊಂದರಲ್ಲಿ ಅವನ ಮನೆಮಾತುಗಳನ್ನು ಕದ್ದು ಕೇಳಿ ಬರೆದಿಟ್ಟಿದ್ದಾರೆ. ತನ್ನನ್ನು ವಿಜ್ಞಾನದ ಗುಲಾಮನ ಮಟ್ಟಕ್ಕೆ ಇಳಿಸಿದರು ಅಂತ ಅದರಲ್ಲಿ ಹೇಳಿಕೊಂಡಿದ್ದಾನೆ. ತಾನು ಬರೆಯದ ಮನುಷ್ಯನ ಮಾತನ್ನು ಪೊಲೀಸರೂ ಬರೆದುಕೊಂಡರು.

1962ರ ಜನವರಿ 7. ಮಾಸ್ಕೋದಿಂದ ದುಬ್ನಾಗೆ ಹೋಗುವ ರಸ್ತೆ ಹಿಮಗಟ್ಟಿ ಜಾರುತ್ತಿತ್ತು. ಲಾಂಡೌ ಕೂತಿದ್ದ ಕಾರು ಲಾರಿಗೆ ಬಡಿಯಿತು. ತಲೆಬುರುಡೆ, ಪಕ್ಕೆಲುಬು, ಸೊಂಟದ ಮೂಳೆ ಎಲ್ಲ ಮುರಿದಿತ್ತು. ವಾರಗಟ್ಟಲೆ ಎಚ್ಚರವಿಲ್ಲ. ಭೌತವಿಜ್ಞಾನಿಗಳು ಆಸ್ಪತ್ರೆಯಲ್ಲೇ ಬೀಡುಬಿಟ್ಟು ಪಾಳಿ ಹಾಕಿಕೊಂಡರು. ಹೊರದೇಶಗಳಿಂದ ವಿಮಾನದಲ್ಲಿ ಔಷಧಿ ಬಂತು. ಸೆಮಿನಾರಿನಲ್ಲಿ ಬೈಸಿಕೊಂಡವರೇ ಔಷಧಿ ತರಲು ಓಡಾಡಿದರು. ಜೀವ ಉಳಿಯಿತು. ಆ ವರ್ಷವೇ ನೊಬೆಲ್ ಘೋಷಣೆಯಾಯಿತು, ಮುಖ್ಯವಾಗಿ ಹೀಲಿಯಂ ಸಿದ್ಧಾಂತಕ್ಕೆ. ಸ್ಟಾಕ್‌ಹೋಮ್‌ಗೆ ಹೋಗುವ ಸ್ಥಿತಿಯಿರಲಿಲ್ಲ. ಸ್ವೀಡನ್ನಿನ ರಾಯಭಾರಿ ಆಸ್ಪತ್ರೆಗೇ ಬಂದು ಪದಕ ಕೊಟ್ಟ.

ಹಳೆಯದೆಲ್ಲ ನೆನಪಿತ್ತು. ಕಲಿತ ಭಾಷೆಗಳು, ಬಾಯಿಪಾಠದ ಕವಿತೆಗಳು ಎಲ್ಲ ಹಾಗೇ ಇದ್ದವು. ಹೊಸದು ನಿಲ್ಲುತ್ತಿರಲಿಲ್ಲ. ಭೌತಶಾಸ್ತ್ರಕ್ಕೆ ಮತ್ತೆ ಬರಲು ಆಗಲೇ ಇಲ್ಲ. 1968ರ ಏಪ್ರಿಲ್ 1ರಂದು, 60ನೇ ವಯಸ್ಸಿನಲ್ಲಿ ತೀರಿಕೊಂಡ.

ಪಠ್ಯಮಾಲೆ ಅರ್ಧದಲ್ಲಿ ನಿಂತಿತ್ತು. ಲಿಫ್‌ಷಿಟ್ಸ್ ಬಿಡಲಿಲ್ಲ. ಲೆವ್ ಪಿತಾಯೆವ್‌ಸ್ಕಿ ಅನ್ನುವ ಚಿಕ್ಕವನನ್ನು ಜೊತೆಗೆ ಹಾಕಿಕೊಂಡು, ಲಾಂಡೌ ಸತ್ತು 11 ವರ್ಷದ ಮೇಲೆ, 1979ರಲ್ಲಿ ಹತ್ತನೇ ಸಂಪುಟ ತಂದ. 1946ರ ಲಾಂಡೌ ಡ್ಯಾಂಪಿಂಗ್ ಅದರೊಳಗಿದೆ. ಆ ಸಂಪುಟದ ಲೇಖಕರು ಲಿಫ್‌ಷಿಟ್ಸ್ ಮತ್ತು ಪಿತಾಯೆವ್‌ಸ್ಕಿ, ಇಬ್ಬರೇ. ಆದರೆ ಯಾವ ಲೈಬ್ರರಿಯಲ್ಲಿ ಕೇಳಿದರೂ ಅದನ್ನು ‘ಲಾಂಡೌ-ಲಿಫ್‌ಷಿಟ್ಸ್ ಹತ್ತನೇದು’ ಅಂತಲೇ ಕರೆಯುತ್ತಾರೆ. ಎಷ್ಟೋ ವಿದ್ಯಾರ್ಥಿಗಳಂತೂ ಎರಡನೇ ಹೆಸರನ್ನೂ ಬಿಟ್ಟು, ಬರೀ ಲಾಂಡೌ ಕೊಡಿ ಅಂತಾರೆ.